ಅತ್ತೆ ಕೂರುತ್ತಿದ್ದ ಬಾಗಿಲು

ನಮ್ಮ ಕಡೆ ತೆಂಗಿನೆಣ್ಣೆಗೆ ಬಗ್ಗದ ರೋಗವಿಲ್ಲ ಎಂದೇ ನಂಬಿ ಬದುಕಿದವಳು ನಾನು. ಮಗುವಿನ ನೆತ್ತಿಗೆ, ಮುದುಕರ ಮೊಣಕಾಲಿಗೆ, ದೇವರ ದೀಪಕ್ಕೆ, ಕಿರುಗುಟ್ಟುವ ಕದಕ್ಕೆ, ಎಲ್ಲಕ್ಕೂ ಅದೇ. ಹಾಗಾಗಿ ಹೋದ ಮಳೆಗಾಲದಲ್ಲಿ ನಮ್ಮ ಹಳೆಯ ಕಾರಿನ ಲಾಕು ಬಿಗಿಯಾದಾಗ ನಾನು ಹಿಂದುಮುಂದು ನೋಡಲಿಲ್ಲ. ದೀಪದ ಎಣ್ಣೆ ಬಾಟಲಿಯನ್ನೇ ತಂದು ಕೀಲಿ ತೂತಿಗೂ ಎಲ್ಲ ಬಾಗಿಲುಗಳ ಗುಂಡಿಯ ಬುಡಕ್ಕೂ ಧಾರಾಳವಾಗಿ ಬಿಟ್ಟೆ. ಲಾಕು ಬೆಣ್ಣೆಯಂತಾಯಿತು. ದೇವರ ದಯೆ ಎಂದು ಕೈಮುಗಿದು ಮರೆತುಬಿಟ್ಟೆ.

ಕಾರಿನ ಬಾಗಿಲುಗಳನ್ನೆಲ್ಲ ಕೈಯಿಂದಲೇ ಹಾಕಬೇಕು, ಕೈಯಿಂದಲೇ ತೆಗೆಯಬೇಕು. ಕಿಟಕಿಯ ಅಂಚಿನಲ್ಲಿ ತಲೆಯೆತ್ತಿ ನಿಂತ ಗುಂಡಿಯನ್ನು ಒತ್ತಿದರೆ ಲಾಕು, ಎತ್ತಿದರೆ ಬಿಡುಗಡೆ. ಮನೆ ಬೈತಖೋಲದ ಬಂದರಿನ ಮೇಲಿನ ಓಣಿಯಲ್ಲಿ. ಉಪ್ಪುಗಾಳಿಗೆ ಒತ್ತಿದ್ದು ಮೇಲೇಳುವುದಿಲ್ಲವೆಂದು ರಾತ್ರಿ ಎಲ್ಲ ಗುಂಡಿಗಳನ್ನೂ ಎತ್ತಿಯೇ ಬಿಡುತ್ತಿದ್ದೆವು. ಕದಿಯುವವರಿಗೂ ಬೇಡವಾದ ಕಾರು, ಅದೂ ಒಂದು ದಯೆಯೇ. ಹಿಂದಿನ ಸೀಟಿನ ಎಡಬದಿ ಅತ್ತೆಯದು. ಕೂತ ಕೂಡಲೇ ಹೆಬ್ಬೆರಳಿನಿಂದ ಗುಂಡಿಯನ್ನು ಟಕ್ಕೆಂದು ಒತ್ತಿ, "ನಾರಾಯಣಾ, ಇನ್ನ್ ನೀನೇ ಕಾಯ್ಬೇಕು" ಎನ್ನುವರು. ಓಡಿಸುವವರು ಅವರನ್ನು ಆಯಿ ಎಂದು ಕರೆಯುವ ಸ್ವಂತ ಮಗನಲ್ಲವೇ, ಅವರಿಗೆ ಗೊತ್ತಿಲ್ಲದ್ದೇನಿತ್ತು?

ದೀಪಾವಳಿ ಕಳೆದು ಅತ್ತೆ ತೀರಿಕೊಂಡರು. ಕ್ರಿಯೆಯ ದಿನ ಕಾಗೆ ಪಿಂಡದ ಸುತ್ತ ಕುಪ್ಪಳಿಸುತ್ತ, ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತ, ಬಹಳ ಹೊತ್ತು ಮಾಡಿತು. ಕೊನೆಗೆ ಮುಟ್ಟಿತು, ಆದರೆ ಒಲ್ಲದ ಮನಸ್ಸಿನಿಂದ. ಅತ್ತೆಗೆ ಸದ್ಗತಿ ಸಿಕ್ಕಿತೋ ಇಲ್ಲವೋ ಎಂಬ ಮುಳ್ಳು ಅಂದೇ ನನ್ನೆದೆಯಲ್ಲಿ ಕೂತಿತು.

ಧನುರ್ಮಾಸ ಬಂತು. ಪೂಜೆ ಮುಗಿಸಿ, ಬಿಸಿಲು ಗುಡ್ಡ ಹತ್ತಿ ಅಂಗಳಕ್ಕಿಳಿಯುವ ಹೊತ್ತಿಗೆ ನಾನು ತುಳಸಿಗೆ ನೀರೆರೆಯುತ್ತಿದ್ದೆ. ಖಾಲಿ ಕಾರಿನೊಳಗಿಂದ ಸದ್ದು: ಟಕ್. ನೋಡಿದರೆ ಹಿಂದಿನ ಎಡಬಾಗಿಲಿನ ಗುಂಡಿ ಕೆಳಗಿಳಿದಿದೆ. ಗಾಳಿಯಿಲ್ಲ, ಬೆಕ್ಕಿಲ್ಲ. ಮರುದಿನವೂ ಅದೇ ಹೊತ್ತಿಗೆ, ಟಕ್. ಓಣಿಯ ನಾಯಿ ಆ ಕಿಟಕಿಯನ್ನು ನೋಡಿ ಬಾಲ ಮಡಚಿ ದೂರ ಸರಿಯಿತು.

"ಗಾಳಿ ಮಾರಾಯ್ತಿ, ಮತ್ತೆಂತದೂ ಅಲ್ಲ" ಎಂದರು ನಮ್ಮನೆಯವರು.

"ಯಾವ ಗಾಳಿ?" ಎಂದೆ. ಅವರು ಹಿಂದಿನ ಸೀಟಿನಲ್ಲಿ ಹರಡಿಕೊಂಡಿದ್ದ ತಮ್ಮ ಚೀಲ, ಛತ್ರಿಗಳನ್ನು ಮೆಲ್ಲನೆ ಎತ್ತಿ ಜಾಗ ಬಿಟ್ಟರು.

ಪಕ್ಕದ ಮನೆಯ ಸೀತಕ್ಕನಿಗೆ ಸಂಶಯವೇ ಇರಲಿಲ್ಲ. "ಅವ್ರಿಗೆ ಎಲ್ಲಿಗೋ ಹೋಗೂಕಿತ್ತು. ಆಸೆ ಉಳದದ್ದು."

"ಎಲ್ಲಿಗೆ ಸೀತಕ್ಕಾ?"

"ತವರಿಗೆ ಅಲ್ದೇ ಮತ್ತೆಲ್ಲಿಗೆ? ಹೆಂಗ್ಸು ಸತ್ರೂ ತವರು ಬಿಡೂದಿಲ್ಲ. ನೀ ಬಿಡ್ತ್ಯಾ?"

ಅತ್ತೆಯ ತವರು ಅಂಕೋಲೆಯ ಹತ್ತಿರದ ಬೊಬ್ರುವಾಡ. ಒಂದು ಮುಂಜಾನೆ, ಹಿಂದಿನ ಸೀಟಿಗೆ ಮಲ್ಲಿಗೆ ಮಾಲೆಯಿಟ್ಟು, ನಾನು ಮುಂದೆ ಕೂತು, ಯಾರೂ ಇಲ್ಲದ ಸೀಟನ್ನು ತವರಿಗೆ ಕರೆದುಕೊಂಡು ಹೊರಟೆವು. ನಮ್ಮನೆಯವರು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟುಕೊಂಡರು. ಹಿಂದಿನ ಸೀಟು ಕಾಣಬಾರದು ನೋಡಿ. ಬಿಣಗಾ ಘಾಟಿ ಇಳಿದು ಸ್ವಲ್ಪ ಮುಂದೆ ಹೋಗಿದ್ದೇವೆ, ಎಡಗಡೆಯಿಂದ ಎಳೆಬಿಸಿಲು ಕಾರಿನ ಮೈಮೇಲೆ ಬಿತ್ತು. ಯಾಕೋ ಹಿಂತಿರುಗಿ ನೋಡಿದೆ. ನೋಡುತ್ತಿದ್ದಂತೆ ಗುಂಡಿ, ಕಾಣದ ಹೆಬ್ಬೆರಳೊಂದು ಅದುಮಿದಂತೆ, ನಿಧಾನವಾಗಿ ಇಳಿಯಿತು. ಟಕ್. "ನಾರಾಯಣಾ" ಎಂದದ್ದು ನಾನೋ, ಇವರೋ, ಇಂದಿಗೂ ತೀರ್ಮಾನವಾಗಿಲ್ಲ.

ಬೊಬ್ರುವಾಡದಲ್ಲಿ ಅತ್ತೆಯ ತಮ್ಮನ ಮನೆಯೆದುರು ನಿಂತು, "ಇಳೀರಿ ಅತ್ತೆ, ಮನೆ ಬಂತು" ಎಂದು ಬಾಗಿಲು ತೆಗೆದು ಹಿಡಿದೆ. ಇವರ ಸೋದರಮಾವ ಚಹಾ ಕೊಟ್ಟರು. ಮೂರು ಲೋಟ ಕೊಡಲಿಲ್ಲವಲ್ಲ, ಅಷ್ಟೇ ಪುಣ್ಯ. ಹಗುರಾಗಿ ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ಮತ್ತೆ, ಟಕ್.

ಅತ್ತೆ ತವರಲ್ಲಿ ಇಳಿಯಲೇ ಇಲ್ಲ! ಆ ದಿನ ನನಗೆ ಅನ್ನ ಸೇರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವರು ದಾರಿ ಸಿಗದೆ ಕಾರಿನಲ್ಲಿ ಕೂತಿದ್ದಾರೆಂದರೆ ಯಾವ ಸೊಸೆಗೆ ಸಮಾಧಾನ?

ಮರುದಿನ ಮುಂಜಾನೆಯ ಚಳಿಗೆ ದೀಪದ ಎಣ್ಣೆ ಬಾಟಲಿಯಲ್ಲೇ ಬಿಳಿಗಟ್ಟಿ ನಿಂತಿತ್ತು. ಕರಗಲಿ ಎಂದು ಅಂಗಳಕ್ಕೆ ಒಯ್ದೆ. ಕಾರಿನ ಎಡಮಗ್ಗುಲಿಗೇ ಮೊದಲ ಬಿಸಿಲು ಬೀಳುವುದರಿಂದ ಅಲ್ಲಿನ ಕಟ್ಟೆಯ ಮೇಲಿಟ್ಟೆ. ತುಳಸಿಗೆ ಸುತ್ತು ಬಂದು ನೋಡಿದರೆ ಬಾಟಲಿಯ ಅಂಚಿನ ಎಣ್ಣೆ ತಿಳಿಯಾಗಿ, ನಡುವಿನ ಗಡ್ಡೆ ಮೆಲ್ಲಗೆ ಜಾರಿ ಕೆಳಗಿಳಿಯಿತು. ಅದೇ ಕ್ಷಣ ಕಾರಿನಲ್ಲಿ, ಟಕ್.

ನಾನು ಬಾಟಲಿ ನೋಡಿದೆ. ಬಾಗಿಲು ನೋಡಿದೆ. "ಕೇಳ್ತಾ, ಸ್ವಲ್ಪ ಇಲ್ಲಿ ಬನ್ನಿ" ಎಂದು ಒಳಗೆ ಕೂಗಿದೆ.

ನಮ್ಮನೆಯವರು ಬಾಗಿಲ ಒಳಮೈಯ ರಟ್ಟು ಬಿಚ್ಚಿದರು. ಅತ್ತೆ ವರ್ಷಗಟ್ಟಲೆ ಒತ್ತಿ ಒತ್ತಿ ಒಳಗಿನ ಸ್ಪ್ರಿಂಗು ಸೋತುಹೋಗಿತ್ತು. ಎತ್ತಿದ ಗುಂಡಿಯನ್ನು ರಾತ್ರಿಯಿಡೀ ಹಿಡಿದು ನಿಲ್ಲಿಸುತ್ತಿದ್ದದ್ದು ಚಳಿಗೆ ಗಟ್ಟಿಯಾದ ನನ್ನ ಎಣ್ಣೆ. ಬಿಸಿಲಿಗೆ ಅದು ಕರಗಿದರೆ ಗುಂಡಿ ಬೀಳದೆ ಏನು ಮಾಡೀತು? "ಇದೇ ಏನೇ ನಿನ್ನ ಅತ್ತೆ?" ಎಂದು ಅವರು ಬೆರಳಿಗಂಟಿದ ಬಿಳಿ ಜಿಡ್ಡನ್ನು ತೋರಿಸಿದರು. "ಕನ್ನಡಿ ತಿರುಗ್ಸಿದ್ದು ಯಾರು?" ಎಂದೆ. ದೋಣಿಯವರಿಂದ ತಂದ ಚಿಮಣಿ ಎಣ್ಣೆಯಲ್ಲಿ ಜಿಡ್ಡನ್ನೆಲ್ಲ ತೊಳೆದು, ಹೊಸ ಸ್ಪ್ರಿಂಗು ಹಾಕಿಸಿ, ಹೊಲಿಗೆ ಮಷೀನಿನ ತೆಳ್ಳನೆಯ ಎಣ್ಣೆ ಎರಡು ಹನಿ ಬಿಟ್ಟೆವು. ಮರುದಿನ ಬಿಸಿಲು ಬಂತು, ಹೋಯಿತು. ಸದ್ದಿಲ್ಲ. ಅತ್ತೆಗೆ ಸದ್ಗತಿ ಸಿಕ್ಕಿದೆ ಎಂದು ದೀಪ ಹಚ್ಚಿದೆ. ಯಾಕೋ ಅಂಗಳ ಮಾತ್ರ ಬಿಕೋ ಎನ್ನಿಸಿತು.

ಮೊನ್ನೆ ಅಂಕೋಲೆಗೆ ಹೊರಟಾಗ ಮುಂದಿನ ಸೀಟಿನಲ್ಲಿ ತೆಂಗಿನಕಾಯಿ ಚೀಲವಿತ್ತೆಂದು ನಾನು ಹಿಂದೆ ಕೂತೆ, ಎಡಬದಿಗೆ. ಘಾಟಿಯ ತಿರುವು ಬಂದಾಗ ನನಗೇ ತಿಳಿಯದೆ ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಟಕ್. "ನಾರಾಯಣಾ, ಇನ್ನ್ ನೀನೇ ಕಾಯ್ಬೇಕು."

ಕಾರು ಗಕ್ಕನೆ ನಿಂತಿತು. ಕನ್ನಡಿಯಲ್ಲಿ ನಮ್ಮನೆಯವರ ಮುಖ ಸುಣ್ಣದಂತೆ ಬಿಳಚಿತ್ತು.

"ಆಯಿ?" ಎಂದರು.

"ನಾನ್ರೀ" ಎಂದೆ. ಆ ದನಿ ನನ್ನದೇ ಎಂದು ನನಗೂ ಪೂರ್ತಿ ನಂಬಿಕೆ ಬರಲಿಲ್ಲ. ಹಿಂದಿನಿಂದ ಬರುತ್ತಿದ್ದ ಲಾರಿ ಹಾರ್ನ್ ಹೊಡೆಯುತ್ತ ನಮ್ಮನ್ನು ಸವರಿಕೊಂಡು ಹೋಯಿತು. ಕೈಮುಗಿದೆ. ದೇವರು ದೊಡ್ಡವನು, ಬ್ರೇಕಿಗೆ ನಾನಿನ್ನೂ ಎಣ್ಣೆ ಬಿಟ್ಟಿರಲಿಲ್ಲ.