ದೊಡ್ಡ ಯಂತ್ರದ ಪಡಸಾಲೆ ಬಿಟ್ಟೇಳದ ವೈಫೈ ಅಡಾಪ್ಟರ್ ಅವರಿಗೆ

ಗೆ,
ಶ್ರೀಮಾನ್ ಯುಎಸ್‌ಬಿ ವೈಫೈ ಅಡಾಪ್ಟರ್ ಅವರು,
ಮೂರನೆಯ ಮೇಜು, ಕಂಪ್ಯೂಟರ್ ಕೊಠಡಿ,
ಮಹಿಳಾ ತರಬೇತಿ ಕೇಂದ್ರ, ತಮಾಲೆ.

ಮಾನ್ಯರೇ,

ತಾವು ಕ್ಷೇಮವೇ? ತಮ್ಮ ನೀಲಿ ದೀಪ ಕ್ಷೇಮವೇ? ತಮ್ಮನ್ನು ಹೊತ್ತುಕೊಳ್ಳುವ ಕಿಂಡಿ ಕ್ಷೇಮವೇ, ಹರ್ಮತಾನ್ ಗಾಳಿಯ ಧೂಳು ತಮ್ಮ ಮೂಗಿಗೆ ಏರಿಲ್ಲವಷ್ಟೇ, ರಾತ್ರಿ ಡ್ರಾಯರಿನಲ್ಲಿ ನಿದ್ದೆ ಚೆನ್ನಾಗಿ ಬಂತೇ? ಇಷ್ಟನ್ನೂ ವಿಚಾರಿಸದೆ ನಮ್ಮ ಊರಿನಲ್ಲಿ ಯಾರೂ ಯಾರೊಡನೆಯೂ ಜಗಳಕ್ಕೆ ಇಳಿಯುವುದಿಲ್ಲವಾದ್ದರಿಂದ ವಿಚಾರಿಸಿದ್ದೇನೆ. ಇನ್ನು ಜಗಳ.

ನಾನು ಅಬಿಬಾ ನೇಂದೋ, ಈ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ನೆಟ್‌ವರ್ಕ್ ಪಾಠ ಹೇಳುತ್ತಿರುವವಳು. ತಾವು ನನ್ನನ್ನು ಗುರುತಿಸಲಾರಿರಿ, ಏಕೆಂದರೆ ತಾವು ಯಾರನ್ನು ಗುರುತಿಸುತ್ತೀರಿ, ಯಾರನ್ನು ಬಿಡುತ್ತೀರಿ ಎಂಬುದು ಆ ಸೃಷ್ಟಿಕರ್ತನಿಗೇ ಗೊತ್ತು. ಆದರೆ ಸನಾತುವನ್ನು ತಾವು ಬಲ್ಲಿರಿ. ಮೂವತ್ತೆಂಟು ವರ್ಷದ, ಹೊಲಿಗೆ ಯಂತ್ರವನ್ನು ತಂಗಿಗೆ ಒಪ್ಪಿಸಿ ನಮ್ಮಲ್ಲಿಗೆ ಕಲಿಯಲು ಬಂದ ಆ ಹೆಂಗಸು ಕಳೆದ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ನಪಾಸಾದದ್ದು ತಮ್ಮ ಕೃಪೆಯಿಂದಲೇ. ಎರಡಕ್ಕಿಂತ ಹೆಚ್ಚು ಬಾರಿ ಪರೀಕ್ಷೆಗೆ ಕೂರುವಂತಿಲ್ಲ. ಊರಿನ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವಳಿಗಾಗಿ ಕಾದಿತ್ತು, ಪ್ರಮಾಣಪತ್ರ ತಂದರೆ ಮಾತ್ರ. ಹೀಗಿರುವಾಗ ಕಳೆದ ಮಂಗಳವಾರ ಅವಳ ಎರಡನೆಯ, ಅಂದರೆ ಕೊನೆಯ ಪರೀಕ್ಷೆಯಲ್ಲಿ ಯಾವ ಕೆಲಸ ಮಾಡಿತೋರಿಸಬೇಕೆಂದು ಚೀಟಿ ಎತ್ತಿದರೆ, ಮತ್ತೆ ಬಂದದ್ದು ತಾವೇ. ಎಂಥ ನಿಷ್ಠೆ! ನನ್ನ ತವರಿನವರು ಕೂಡ ಇಷ್ಟು ತಪ್ಪದೆ ಬರುವುದಿಲ್ಲ.

ತಮ್ಮಿಂದ ನಾವು ಬೇಡಿದ್ದಾದರೂ ಏನು? ನಮ್ಮ ಮೂರನೆಯ ಮೇಜಿನ ಮೇಲೆ ಒಂದು ದೊಡ್ಡ ಯಂತ್ರವಿದೆ. ಅದರ ಹೊಟ್ಟೆಯೊಳಗೆ, ಕೈಗೆ ಸಿಗದೆ ಪರದೆಯ ಮೇಲಷ್ಟೇ ಬದುಕುವ ಇನ್ನೊಂದು ಯಂತ್ರವಿದೆ. ಪುಸ್ತಕದಲ್ಲಿ ಅದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ, ನಾವು ಒಳಗಿನ ಯಂತ್ರ ಎನ್ನುತ್ತೇವೆ. ತಾವು ಕಿಂಡಿಗೆ ಬಂದು ಕೂತಮೇಲೆ ದೊಡ್ಡ ಯಂತ್ರವನ್ನು ಬಿಟ್ಟು ಒಳಗಿನ ಯಂತ್ರದ ಕೈಹಿಡಿಯಬೇಕು, ಅದಕ್ಕೆ ತನ್ನದೇ ಆದ ವೈಫೈ ಕೊಡಬೇಕು. ಇಷ್ಟೇ. ಸಮುದ್ರ ದಾಟಿ ಎಂದೆವೇ, ಬೆಟ್ಟ ಹೊತ್ತು ತನ್ನಿ ಎಂದೆವೇ?

ಆದರೆ ತಾವು ದೊಡ್ಡ ಯಂತ್ರದ ಪಡಸಾಲೆಯಲ್ಲಿ ಕೂತರೆ ಕೂತಿರಿ. ಒಳಗಿನ ಯಂತ್ರದ ಪಟ್ಟಿಯಲ್ಲಿ ತಮ್ಮ ಹೆಸರನ್ನು ಒತ್ತಿದರೆ, ‘ಸಾಧನವು ಹಿಂದಿನ ಕೋರಿಕೆಯಲ್ಲಿ ನಿರತವಾಗಿದೆ’ ಎಂಬ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಯಾರ ಕೋರಿಕೆ, ಯಾವ ಕೆಲಸ ಎಂದು ಕೇಳುವಂತಿಲ್ಲ. ಹೆಬ್ಬೆರಳುದ್ದದ ದೇಹದಲ್ಲಿ ಮಂತ್ರಿಯೊಬ್ಬರ ಇಡೀ ಕಚೇರಿಯನ್ನು ಅಡಗಿಸಿಕೊಂಡ ತಮ್ಮ ಸಾಮರ್ಥ್ಯಕ್ಕೆ ನಾನು ತಲೆಬಾಗುತ್ತೇನೆ. ಹತ್ತು ಸಲದಲ್ಲಿ ಮೂರು ಸಲ ಯಾವ ಕಾರಣವೂ ಇಲ್ಲದೆ ಒಳಗೆ ಹೋಗಿಬಿಡುವ ತಮ್ಮ ಔದಾರ್ಯವಂತೂ ಇನ್ನೂ ದೊಡ್ಡದು; ಪೂರ್ತಿ ಕೆಟ್ಟುಹೋಗಿದ್ದರೆ ನಾನು ಯಾವತ್ತೋ ತಮ್ಮನ್ನು ಬದಲಾಯಿಸಿ ನೆಮ್ಮದಿಯಾಗಿರುತ್ತಿದ್ದೆ.

ಆದುದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು: ತಾವು ಒಳಗೆ ಹೋಗುವ ಮನಸ್ಸಿರುವ ದಿನಗಳನ್ನು ತಿಂಗಳ ಮೊದಲೇ ತಿಳಿಸಿದರೆ ಆ ದಿನಗಳಲ್ಲಿ ಮಾತ್ರ ಪರೀಕ್ಷೆ ಇಡುವಂತೆ ಸರ್ಕಾರಕ್ಕೆ ಬರೆದುಕೊಳ್ಳುತ್ತೇನೆ. ನಿರತರಾಗಿರುವಾಗ ನೀಲಿ ದೀಪದ ಬದಲು ಸ್ವಲ್ಪ ನಾಚಿ ಕೆಂಪು ದೀಪ ಹೊತ್ತಿಸಬೇಕು. ಇದೂ ಆಗದಿದ್ದರೆ, ಇಡೀ ತರಗತಿಯೇ ಒಳಗಿನ ಯಂತ್ರದೊಳಕ್ಕೆ ಹೊಕ್ಕು ತಮ್ಮನ್ನು ಕೈಹಿಡಿದು ಕರೆದೊಯ್ಯಲು ಒಂದು ಬಾಗಿಲು ತೆರೆಸಿಕೊಡಬೇಕು.

ನಾವು ತಮ್ಮ ಮರ್ಯಾದೆಗೆ ಏನಾದರೂ ಕಡಿಮೆ ಮಾಡಿದೆವೇ ಎಂದು ನೋಡಿದರೆ ಅದೂ ಇಲ್ಲ. ಹನ್ನೊಂದು ವರ್ಷದ ಹಿಂದೆ ನಾನೇ ಬರೆದು ಗೋಡೆಗೆ ಅಂಟಿಸಿದ ಕ್ರಮದ ಹಾಳೆಯ ಮೊದಲ ಸಾಲೇ ಹೀಗಿದೆ: ‘ಅಡಾಪ್ಟರನ್ನು ಚುಚ್ಚಿ, ದೊಡ್ಡ ಯಂತ್ರ ಅದನ್ನು ಗುರುತಿಸುವವರೆಗೆ ಕಾಯಿರಿ. ಅನಂತರವೇ ಒಳಗಿನ ಯಂತ್ರವನ್ನು ತೆರೆಯಿರಿ.’ ಇದನ್ನು ಯಾವ ಪುಸ್ತಕದಿಂದಲೂ ನಾನು ತೆಗೆದುಕೊಂಡಿರಲಿಲ್ಲ. ನಮ್ಮಲ್ಲಿ ಯಾರದೇ ಮನೆಗೆ ಹೋಗಲಿ, ಮೊದಲು ಹಿರಿಯರ ಪಡಸಾಲೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಸಲಾಂ ಹೇಳಿ, ಅವರು ನಮ್ಮ ನುಡಿಯಲ್ಲಿ ಸಲಾಮಿಗೆ ಉತ್ತರವಾದ ‘ನಾ...’ ಎಂಬುದನ್ನು ಎಳೆದು ಹೇಳಿ ಒಪ್ಪಿಕೊಂಡಮೇಲೇ ಒಳಗಿನವರನ್ನು ಕಾಣಬೇಕು. ಹುಟ್ಟಿದಾಗಿನಿಂದ ಮಾಡಿದ್ದನ್ನೇ ಕೈ ಬರೆದಿತ್ತು. ನಮ್ಮ ಕಾವಲುಗಾರ ಇದ್ದಿಯಜ್ಜ ಆ ಹಾಳೆಯನ್ನು ಓದಿಸಿಕೊಂಡು ಕೇಳಿ, “ಭೇಷ್ ಮಗಳೇ, ಹಿರೀಕರಿಗೆ ಸಲಾಂ ಹೇಳದೆ ಸೀದಾ ಒಳಕೋಣೆಗೆ ನುಗ್ಗೋನು ಕಳ್ಳ ಮಾತ್ರ. ಮಿಷೀನಿಗೂ ಮರ್ಯಾದೆ ಕಲಿಸಿದೀಯಲ್ಲ!” ಎಂದು ಹರಸಿದ್ದರು. ನಾನೂ ಉಬ್ಬಿದ್ದೆ.

ಪರೀಕ್ಷೆಯ ದಿನ ಪಾಠ ಹೇಳಿದವರು ಕೊಠಡಿಯೊಳಗೆ ಇರುವಂತಿಲ್ಲ. ನಾನು ಕಿಟಕಿಯ ಹೊರಗೆ ಬೇವಿನ ಮರದಡಿ ನಿಂತಿದ್ದೆ. ರಾಜಧಾನಿ ಅಕ್ರಾದಿಂದ ಬಂದ ಪರೀಕ್ಷಕರಾದ ಶ್ರೀ ಒಕೈ ಅವರು ಗಡಿಯಾರ ಒತ್ತಿದರು, ಇಪ್ಪತ್ತು ನಿಮಿಷ. ಸನಾತು ಹಾಳೆಯಲ್ಲಿದ್ದಂತೆಯೇ ಮಾಡಿದಳು. ತಾವು ನಿರತರಾದಿರಿ. ತೆಗೆದು ಮತ್ತೆ ಚುಚ್ಚಿದಳು, ಮತ್ತೂ ನಿರತರಾದಿರಿ. ಹನ್ನೆರಡು ನಿಮಿಷ ಹೀಗೆ ಕಳೆದಾಗ ನಾನು ಮರದಡಿ ನಿಂತು ತಮಗೆ ಕೊಟ್ಟ ಶಾಪಗಳನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ.

ಆಮೇಲೆ ಅವಳು ಕೈ ಮಡಚಿಕೊಂಡು ಸುಮ್ಮನೆ ಕೂತಳು. ಸೋತಳು ಎಂದುಕೊಂಡು ನನ್ನ ಕಣ್ಣು ತುಂಬಿತು. ಸೋತಿರಲಿಲ್ಲ. ತಮ್ಮನ್ನು ಕಿಂಡಿಯಿಂದ ಕಿತ್ತು ಮಡಿಲಲ್ಲಿಟ್ಟುಕೊಂಡಳು. ‘ಇವರು ಬಂದರೆ ನನ್ನವರು’ ಎಂದು ಒಳಗಿನ ಯಂತ್ರವು ತನ್ನ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುವ ಜಾಗವೊಂದಿದೆಯಲ್ಲ, ಅಲ್ಲಿ ತಮ್ಮ ಹೆಸರು ಸೇರಿಸಿದಳು. ಒಳಗಿನ ಯಂತ್ರವನ್ನು ಹೊಸದಾಗಿ ಎಬ್ಬಿಸಿ, ಅದು ಪೂರ್ತಿ ಎದ್ದು ಕೂತಮೇಲೆ, ಎಲ್ಲಕ್ಕಿಂತ ಕೊನೆಗೆ ತಮ್ಮನ್ನು ಚುಚ್ಚಿದಳು. ದೊಡ್ಡ ಯಂತ್ರಕ್ಕೆ ತಮ್ಮನ್ನು ಕೂರಿಸಿಕೊಳ್ಳಲು ಪುರುಸೊತ್ತೇ ಸಿಗಲಿಲ್ಲ. ತಾವು ಸೀದಾ ಒಳಗೆ ಹೋದಿರಿ. ಗಡಿಯಾರದಲ್ಲಿ ಇನ್ನೂ ಎರಡು ನಿಮಿಷವಿತ್ತು. ಅವಳು ಪಾಸಾದಳು.

ಹೊರಗೆ ಬಂದವಳನ್ನು ತಬ್ಬಿಕೊಂಡು, ನಿನಗೆ ಇದು ಹೇಗೆ ಹೊಳೆಯಿತು ಎಂದು ಕೇಳಿದೆ. ಅವಳು ನೆಲ ನೋಡಿಕೊಂಡು, “ತಪ್ಪು ತಿಳ್ಕೋಬೇಡಿ ಮೇಡಂ. ಹೊಲಿಗೆ ಅಂಗಡಿಯಿಂದ ನಾದಿನಿಗೆ ಅಂತ ಬಟ್ಟೆ ತಗೊಂಡು ಹೋಗ್ತಿದ್ದೆ. ಮೊದಲು ಅತ್ತೆಗೆ ತೋರಿಸಿದ್ನೋ, ಮುಗೀತು, ಅದು ಅತ್ತೆ ಪೆಟ್ಟಿಗೇಲೇ. ಕೊನೆಗೆ ನಾದಿನೀನ ಬಾಗಿಲಲ್ಲೇ ನಿಲ್ಲಿಸಿ, ಕೈಗೇ ಕೊಡೋಕೆ ಶುರುಮಾಡಿದೆ” ಎಂದಳು. ಇದ್ದಿಯಜ್ಜ ಅಲ್ಲೇ ಇದ್ದರು. “ಹಾಗಾದ್ರೆ ಅತ್ತೆಗೆ ಸಲಾಂ?” ಎಂದು ಹುಬ್ಬೇರಿಸಿದರು. “ಹೇಳ್ತಿದ್ದೆ ಅಜ್ಜ, ಕೈ ಖಾಲಿ ಆದಮೇಲೆ!” ಎಂದಳು.

ಅಯ್ಯೋ, ಆಗ ನನಗಾದ ನಾಚಿಕೆಯನ್ನು ತಮ್ಮ ಹೊರತು ಯಾರಿಗೆ ಹೇಳಿಕೊಳ್ಳಲಿ? ತಾವು ಯಾರ ಕೈಗೆ ಮೊದಲು ಸಿಗುತ್ತೀರೋ ಅವರವರಾಗಿಯೇ ಉಳಿಯುತ್ತೀರಿ. ತಮ್ಮನ್ನು ಪ್ರತಿಸಲವೂ ದೊಡ್ಡ ಯಂತ್ರದ ಕೈಗೆ ಕೊಟ್ಟು, ಒಳಗೇಕೆ ಬರಲಿಲ್ಲ ಎಂದು ಹನ್ನೊಂದು ವರ್ಷ ಜಗಳವಾಡಿದವಳು ನಾನು. ಕಳೆದ ವರ್ಷ ಸನಾತು ನಪಾಸಾಗಿ ಬಂದು, “ಮೇಡಂ, ನಮ್ಮ ಕ್ರಮದಲ್ಲೇ ಏನೋ ಎಡವಟ್ಟಿದೆ ಅನ್ಸುತ್ತೆ” ಎಂದಾಗ ನಾನು ಇಪ್ಪತ್ತೆರಡು ಜನರ ಎದುರು, “ಕುಣಿಯಲಾರದವಳಿಗೆ ನೆಲ ಡೊಂಕಂತೆ! ಹೊಲಿಗೆಗೇ ವಾಪಸ್ ಹೋಗಮ್ಮ, ನಿನಗೆ ತಾಳ್ಮೆಯಿಲ್ಲ” ಎಂದಿದ್ದೆ. ಅವಳು ಅತ್ತಿರಲಿಲ್ಲ. ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಂದು ಕೊಠಡಿಯ ಧೂಳು ಗುಡಿಸಿದ್ದಳು.

ಮಾನ್ಯರೇ, ನೆಲವೇ ಡೊಂಕಾಗಿತ್ತು, ಹಾಸಿದವಳು ನಾನು. ಇದನ್ನು ಸನಾತುವಿನ ಕಿವಿಯಲ್ಲಿ ಮೆಲ್ಲಗೆ ಹೇಳಿ ಮುಗಿಸಬಹುದಿತ್ತು. ಬೈದದ್ದು ಎಲ್ಲರೆದುರು, ಆದ್ದರಿಂದ ಕ್ಷಮೆಯೂ ಎಲ್ಲರೆದುರೇ ಇರಲಿ ಎಂದು ತಮ್ಮ ಹೆಸರಿನಲ್ಲಿ ಬಹಿರಂಗ ಪತ್ರ ಬರೆದು, ಹಳೆಯ ಹಾಳೆ ಕಿತ್ತ ಜಾಗದಲ್ಲೇ ಅಂಟಿಸುತ್ತಿದ್ದೇನೆ. ಸನಾತು, ತಪ್ಪು ನನ್ನದು.

ಇಷ್ಟಾದರೂ ತಮ್ಮ ಮೇಲಿನ ಸಿಟ್ಟು ಪೂರ್ತಿ ಇಳಿಯದ,
ತಮ್ಮ ವಿಶ್ವಾಸಿ,
ಅಬಿಬಾ ನೇಂದೋ

ತಾ.ಕ.: ಸನಾತುವಿನ ಅಂಕಪಟ್ಟಿ ಈಗ ತಾನೇ ಕೈಸೇರಿತು. ‘ಕೇಂದ್ರವು ಕಲಿಸಿದ ಕ್ರಮವನ್ನು ಪಾಲಿಸಿಲ್ಲ’ ಎಂದು ಶ್ರೀ ಒಕೈ ಅವರು ಐದು ಅಂಕ ಕಳೆದಿದ್ದಾರೆ. ಆ ಐದನ್ನು ಕಳೆಯಬೇಕಾದದ್ದು ನನ್ನ ಲೆಕ್ಕದಲ್ಲಿ ಎಂದು ಅವರಿಗೂ ಒಂದು ಪತ್ರ ಬರೆಯುತ್ತಿದ್ದೇನೆ. ಅದರಲ್ಲಿ ಕ್ಷೇಮ ವಿಚಾರಿಸುವುದಿಲ್ಲ.