ಗೆದ್ದರೋ, ಗೆದ್ದನೋ?

ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಚರಿತ್ರೆ ಪಾಠ ಮಾಡಿ ಸುಸ್ತಾದ ಮೇಲೆ ನನಗೆ ಹೊಳೆದದ್ದು ಇಷ್ಟೇ. ಕನ್ನಡದಲ್ಲಿ ಯಾರ ಕಡೆಗೂ ವಾಲದೆ ಒಂದು ವಾಕ್ಯ ಮುಗಿಸುವುದು ಬಹಳ ಕಷ್ಟ. ಹೊಟ್ಟೆಯೊಳಗೆ ಬಚ್ಚಿಟ್ಟದ್ದನ್ನೆಲ್ಲ ಕ್ರಿಯಾಪದದ ಬಾಲ ಹೊರಹಾಕಿಬಿಡುತ್ತದೆ. 'ಗೆದ್ದರು' ಎಂದರೆ ನಾವು ಆ ಪಕ್ಷ, 'ಗೆದ್ದ' ಎಂದರೆ ಈ ಪಕ್ಷ. ಯುದ್ಧದ ಕಾಲದಲ್ಲಿ ದೇಶ ಆಳಿದವರ ವಿಷಯವಂತೂ ಕೇಳಲೇಬೇಡಿ. ಪಾಪ, ಸತ್ತು ಎಷ್ಟೋ ಕಾಲವಾಗಿದ್ದರೂ ಪ್ರತಿ ಚುನಾವಣೆಗೂ ಅವರ ಮರ್ಯಾದೆ ಏರಿ ಇಳಿಯುತ್ತಲೇ ಇರುತ್ತದೆ.

ಇದು ಶಾಲೆಯಲ್ಲೇ ಮುಗಿದಿದ್ದರೆ ಸಹಿಸಿಕೊಳ್ಳಬಹುದಿತ್ತು. ಭಾನುವಾರದ ಊಟಕ್ಕೆ ದಟ್ಟಗಳ್ಳಿಯ ನಮ್ಮ ಮನೆಗೆ ರಾಜೀವನಗರದಿಂದ ಮಾವ ಬರುತ್ತಾರೆ, ಬೋಗಾದಿಯಿಂದ ನನ್ನ ಅಣ್ಣ ಬರುತ್ತಾನೆ. ಟಿವಿಯಲ್ಲಿ ಕಾರ್ಗಿಲ್ ಸುದ್ದಿ ಶುರುವಾದದ್ದೇ ತಡ, ಇಬ್ಬರಿಗೂ ಹಳೆಯ ಯುದ್ಧವೊಂದು ನೆನಪಾಯಿತು. ಆಗಿನ ನಾಯಕರೊಬ್ಬರು ('ಒಬ್ಬರು' ಎಂದೆನೆಂದು ಅನುಮಾನಿಸಬೇಡಿ, ಹೆಸರು ಹೇಳಿದರಂತೂ ನೀವೂ ಜಗಳಕ್ಕೆ ಬರುತ್ತೀರಿ) ಮಾವನಿಗೆ ದೇವರು. ಅಣ್ಣನ ಪಕ್ಷ ಬೇರೆ. "ಅವ್ನೇನು ಕಡಿದು ಕಟ್ಟೆ ಹಾಕ್ದ?" ಎಂದು ಹೋದ ಭಾನುವಾರ ಅವನು ಕೇಳಿದ್ದಕ್ಕೆ ಮಾವ ಅರ್ಧ ಊಟಕ್ಕೇ ಎದ್ದುಹೋದರು. ಹೆಂಡತಿ ಶಾರದೆ ರಾತ್ರಿಯೆಲ್ಲ ಅತ್ತಳು. ಈ ಭಾನುವಾರ ಬೆಳಿಗ್ಗೆಯೇ ನನಗೆ ಎಚ್ಚರಿಕೆ ಬಂತು. "ಇವತ್ತೂ ನಮ್ಮಪ್ಪ ಊಟ ಬಿಟ್ಟು ಎದ್ರೆ, ನಾನೂ ಅವ್ರ ಜೊತೆ ಹೊರಟೆ ಕಣ್ರೀ."

ಸಾರು ಬಡಿಸುವ ಹೊತ್ತಿಗೆ ಇಬ್ಬರೂ ನನ್ನ ಕಡೆ ತಿರುಗಿದರು.

"ಓದಿದೋರು ನೀವೇ ಹೇಳಿ ಅಳಿಯಂದ್ರೇ, ಅವ್ರು ಗೆದ್ರೋ ಇಲ್ವೋ?" ಎಂದರು ಮಾವ.

"ಹೇಳೋ, ಗೆದ್ನಾ ಅವ್ನು?" ಎಂದ ಅಣ್ಣ.

ಶಾರದೆ ಸೌಟು ಹಿಡಿದು ನಿಂತಿದ್ದಳು. ನನಗೆ ನಿಜವಾಗಿಯೂ ಸಾಕಾಗಿತ್ತು. ತರಗತಿಯಲ್ಲಿ ಹೇಳಿ ಹೇಳಿ ರೂಢಿಯಾಗಿದ್ದ ಬಾಲವಿಲ್ಲದ ವಾಕ್ಯವೇ ಬಾಯಿಗೆ ಬಂತು.

"ಯುದ್ಧವನ್ನು ಗೆಲ್ಲಲಾಯಿತು."

"ಯಾರಿಂದ?" ಎಂದರು ಮಾವ.

"ದೇಶದಿಂದ" ಎಂದೆ.

ಮಾವ ಅಣ್ಣನ ಮುಖ ನೋಡಿದರು. ಅಣ್ಣ ಮಾವನ ಮುಖ ನೋಡಿದ.

"ಯಾವ್ ಸೀಮೆ ಮೇಷ್ಟ್ರಯ್ಯಾ ಇವ್ನು!" ಎಂದರು ಮಾವ. ಮದುವೆಯಾದಂದಿನಿಂದ ನನ್ನನ್ನು ಬಹುವಚನದಿಂದ ಕೆಳಗಿಳಿಸದಿದ್ದವರು ಅವರು.

"ಚಿಕ್ಕಂದಿನಿಂದ್ಲೂ ಇವ್ನು ಅಂಗೇ ಬುಡಿ ಯಜಮಾನ್ರೇ, ಆ ಕಡೇನೂ ಇಲ್ಲ, ಈ ಕಡೇನೂ ಇಲ್ಲ" ಎಂದ ಅಣ್ಣ.

ಇಬ್ಬರೂ ಜೊತೆಯಾಗಿ ಹೊಟ್ಟೆ ತುಂಬ ನಕ್ಕರು. ಮಾವ ಇನ್ನೊಂದು ಸಲ ಪಾಯಸ ಹಾಕಿಸಿಕೊಂಡರು. ಶಾರದೆಯೂ ನಕ್ಕಳು. ಹೀಗೆ ನಮ್ಮ ಮನೆಯಲ್ಲಿ ಶಾಂತಿಯನ್ನು ಸ್ಥಾಪಿಸಲಾಯಿತು. ಯಾರಿಂದ ಎಂದು ಮಾತ್ರ ಯಾರೂ ಕೇಳಲಿಲ್ಲ.