ನೈಟಿ, ಪಟ್ಟೆಚಡ್ಡಿ ಮತ್ತು ಬಿಡದಿಯ ಸಂಬಂಧ

ಇಸ್ತ್ರಿ ಬಟ್ಟೆ ತೊಟ್ಟು, ಒಳ್ಳೆಯ ಚಪ್ಪಲಿ ಮೆಟ್ಟಿ ಹೊರಟ ದಿನ ರಾಮನಗರದ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ನನ್ನನ್ನು ಮಾತಾಡಿಸಿದ್ದಿಲ್ಲ. ಅದೇ ತೂತು ಬನಿಯನ್ನಿನಲ್ಲಿ ಕಸದ ಬುಟ್ಟಿ ಹಿಡಿದು ಗೇಟಿನಾಚೆ ಒಂದು ಕಾಲಿಟ್ಟರೆ ಸಾಕು, ಓದಿಸಿದ ಮೇಷ್ಟರಿಂದ ಹಿಡಿದು ಹೆಂಡತಿಯ ಕಡೆಯ ನೆಂಟರವರೆಗೆ ಎಲ್ಲರೂ ಆ ಗಳಿಗೆಗೇ ಕಾದಿದ್ದವರಂತೆ ಎದುರಾಗುತ್ತಾರೆ. ಇದು ನನ್ನ ಹಣೆಬರಹ, ಇಂದು ನಿನ್ನೆಯದಲ್ಲ.

ನಾನು ಒಂದು ಚಾಕಿ ಕೇಂದ್ರದಲ್ಲಿ ಕೆಲಸ ಮಾಡುವವನು. ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳಗಳನ್ನು ಒಂದಷ್ಟು ದಿನ ಸಾಕಿ ರೈತರಿಗೆ ಕೊಡುತ್ತೇವೆ. ಕೊಟ್ಟ ಮೇಲೆ ಅವು ಹೇಗಿವೆ ಎಂದು ಊರೂರು ಸುತ್ತಿ ನೋಡುವುದು ನನ್ನ ಪಾಲಿನ ಕೆಲಸ. ಹೀಗಾಗಿ ಚನ್ನಪಟ್ಟಣದಿಂದ ಕನಕಪುರದವರೆಗೆ ಜನ ನನ್ನನ್ನು ಬಲ್ಲರು. ನನ್ನ ಮರ್ಯಾದೆ ಒಂದೂರಲ್ಲಿ ಹೋದರೆ ಎಲ್ಲ ಊರಿಗೂ ಸುದ್ದಿ.

ಮೊದಲೆಲ್ಲ ನಾಚಿಕೆಪಟ್ಟು ಸುಮ್ಮನಾಗುತ್ತಿದ್ದೆ. ಆದರೆ ಈ ವರ್ಷ ಮಗಳಿಗೆ ಬಿಡದಿಯಿಂದ ಒಂದು ಸಂಬಂಧ ಬಂತು. ಮಗಳು ದಿನಾ ಕೆಲಸಕ್ಕೆ ಹೋಗುವ ರೈಲನ್ನೇ ಆ ಹುಡುಗನೂ ಬಿಡದಿಯಲ್ಲಿ ಹತ್ತುತ್ತಾನೆ. ಫೋಟೋ ತೋರಿಸಿದಾಗ ಮಗಳು "ನೀವು ಹೇಳ್ದಂಗೆ ಅಪ್ಪಾ" ಎಂದು ತಲೆ ತಗ್ಗಿಸಿದ ರೀತಿ ನೋಡಿದರೆ ನಾನು ಹೇಳುವುದಕ್ಕೇನೂ ಉಳಿದಿರಲಿಲ್ಲ. ಮಾತು ತಂದವರು ನನ್ನ ಹೆಂಡತಿಯ ಚಿಕ್ಕಪ್ಪ, ಮಾಗಡಿಯವರು. ನನಗೆ ಮಾವ.

"ಭಾಳ ಶಿಸ್ತಿನ ಮನೆತನ ಅಳಿಯಂದ್ರೆ," ಎಂದರು ಫೋನಿನಲ್ಲಿ. "ಒಂದೆಳೆ ಬಂಗಾರ ಕೇಳಕ್ಕಿಲ್ಲ. ಅವ್ರು ಕೇಳಾದು ಒಂದೇ, ಬೀಗರು ಲಕ್ಷಣವಾಗಿರ್ಬೇಕು. ನೈಟಿ ಹಾಕ್ಕೊಂಡು, ಚಡ್ಡಿ ಹಾಕ್ಕೊಂಡು, ಬರಿಗಾಲಲ್ಲಿ ಬೀದಿ ಅಲೆಯೋ ಜನ ಆ ಮನೆಯೋರಿಗೆ ಆಗಕ್ಕಿಲ್ಲ."

"ನಮ್ಮನೇಲಿ ಅಂಥದ್ದೆಲ್ಲ ಇಲ್ಲ ಮಾವ," ಎಂದೆ. ಹೇಳುವಾಗ ಪಟ್ಟೆಚಡ್ಡಿಯಲ್ಲಿ ಜಗಲಿ ಮೇಲೆ ಕೂತಿದ್ದೆ. ಸದ್ಯ, ಅವರು ವಿಡಿಯೋ ಕಾಲ್ ಮಾಡುವವರಲ್ಲ.

ಹರಕೆ ಹೊತ್ತ ಸ್ವಾಮಿ

ಹುಳ ಸಾಕುವ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಬಾಗಿಲಲ್ಲಿ ಬಿಟ್ಟು, ಬ್ಲೀಚಿಂಗ್ ಪುಡಿಯ ನೀರಿಗೆ ಕಾಲದ್ದಿ ಒಳಗೆ ಹೋಗಬೇಕು. ದೇವಸ್ಥಾನದಲ್ಲಾದರೂ ಒಬ್ಬಿಬ್ಬರು ಮರೆತಾರು, ಇಲ್ಲಿ ಮರೆತರೆ ರೈತ ಕೊರಳಪಟ್ಟಿ ಹಿಡಿಯುತ್ತಾನೆ.

ಚನ್ನಪಟ್ಟಣದ ಆಚೆಯ ಒಂದು ಹಳ್ಳಿಯಲ್ಲಿ ಹಾಗೆ ಒಳಗೆ ಹೋಗಿ ಹುಳ ನೋಡಿ ಹೊರಗೆ ಬಂದರೆ ಬಾಗಿಲಲ್ಲಿ ಒಂದೇ ಚಪ್ಪಲಿ ಇತ್ತು. ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ ಸಾರ್, ನಮ್ ನಾಯಿಗೆ ಇದೊಂದೇ ಕೆಟ್ಟ ಬುದ್ಧಿ. ಒಸಿ ತಡೀರಿ, ಹೊಂಗೆ ಮರದ ಬುಡದಲ್ಲಿ ಹೂತಿರ್ತದೆ," ಎಂದು ಗುದ್ದಲಿ ತಂದರು. ಅಗೆದರೆ ಸಿಕ್ಕಿದ್ದು ಬೇರೆ ಯಾರದ್ದೋ ಹಳೆಯ ಬೂಟು. ಉಳಿದ ಒಂದು ಚಪ್ಪಲಿಯನ್ನೂ ನಾಯಿಗೇ ಬಿಟ್ಟು ಬರಿಗಾಲಲ್ಲಿ ಬಸ್ಸು ಹತ್ತಿದೆ.

ಎರಡು ದಿನದ ಗಡ್ಡ, ಕಪ್ಪು ಶರ್ಟು, ಬರಿಗಾಲು. ಮುಂದಿನ ಸೀಟಿನ ಅಜ್ಜಿಯೊಬ್ಬರು ನನ್ನ ಪಾದ ನೋಡಿ ದಡಕ್ಕನೆ ಎದ್ದರು. "ಕೂತ್ಕೊಳ್ಳಿ ಸ್ವಾಮಿ. ಯಾವ ದೇವ್ರ ಹರಕೆ?"

ನಾಯಿ ವಿಷಯ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಸೀಟಿನವನೊಬ್ಬ ಫೋನಿನಲ್ಲಿ, "ಬಿಡದಿಗೆ ಬತ್ತಾ ಇವ್ನಿ, ಮನೇಲೇ ಇರಿ," ಎಂದದ್ದು ಕೇಳಿತು. ಇವನು ಯಾರ ಮನೆಗೆ ಹೋಗುವವನೋ ಯಾರು ಬಲ್ಲರು? ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಕೆಂಗಲ್ ಆಂಜನೇಯ, ತಾಯಿ."

ಅಷ್ಟೇ. ಕೆಂಗಲ್ಲಿನ ಹತ್ತಿರ ಬಂದಾಗ ಕಂಡಕ್ಟರ್ ನಾನು ಕೇಳದೆಯೇ ಸೀಟಿ ಊದಿದ. "ಸ್ವಾಮಿಗೊಳು ಇಳೀಬೇಕು, ದಾರಿ ಬುಡಿ!" ಅಜ್ಜಿ ಚೀಲದಿಂದ ತೆಂಗಿನಕಾಯಿ ತೆಗೆದು ಕೈಗಿಟ್ಟು, "ನಂದೂ ಒಡೆಸ್ಬುಡಿ," ಎಂದರು. ನನ್ನದು ರಾಮನಗರದ ಟಿಕೆಟ್ಟು. ಆದರೂ ಇಳಿದೆ. ಬಸ್ಸಿನ ಕಿಟಕಿಗಳಲ್ಲಿ ಕೈ ಮುಗಿದವರನ್ನು ನೋಡಿ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸುಳ್ಳು ಹೇಳಿದ ಮೇಲೆ ಕಾಯಿ ಒಡೆಸದೆ ಹೋಗುವ ಧೈರ್ಯ ನನಗಿಲ್ಲ. ಈ ವಿಷಯ ಬಿಡದಿಗೆ ಮುಟ್ಟದಿರಲಿ ಎಂದು ಬೇಡಿಕೊಳ್ಳಲು ದೇವಸ್ಥಾನದ ಕಡೆ ನಡೆದೆ. ಬಾಗಿಲಲ್ಲಿ ಚಪ್ಪಲಿ ಕಾಯುವವನು ನನ್ನ ಕಾಲು ನೋಡಿ ಮುಖ ಸಿಂಡರಿಸಿದ.

"ಹೋಗಿ ಸ್ವಾಮಿ, ಹೋಗಿ. ಎಲ್ರೂ ನಿಮ್ಮಂಗೇ ಬಂದ್ರೆ ನಮ್ಮನೇಲಿ ಒಲೆ ಉರಿಯಕ್ಕಿಲ್ಲ."

ತೋಳಿರುವ ಲಂಗ

ನನ್ನ ಹೆಂಡತಿಯದು ಬೇರೆಯೇ ಶಾಸ್ತ್ರ. ನೈಟಿ ಬರೀ ನೈಟಿಯಾಗಿದ್ದರೆ ಅದು ಒಳಗಿನ ಬಟ್ಟೆ. ಹೆಗಲ ಮೇಲೊಂದು ಟವೆಲ್ ಬಿತ್ತೋ, ಅದು ಹೊರಗಿನ ಬಟ್ಟೆ. ಹೆಗಲಿಗೆ ಟವೆಲ್ ಹಾಕಿಕೊಂಡು ಅವಳು ತರಕಾರಿ ಗಾಡಿ, ಹಿಟ್ಟಿನ ಗಿರಣಿ, ಪಕ್ಕದ ಬೀದಿಯ ನಾಮಕರಣ, ಎಲ್ಲ ಮುಗಿಸಿದ್ದಾಳೆ.

"ಮಾವ ಏನು ಹೇಳವ್ರೆ ಗೊತ್ತಲ್ಲ? ಒಸಿ ದಿನ ಸೀರೆ ಉಟ್ಕೊಳ್ಳೇ," ಎಂದೆ.

"ಮೈ ಪೂರ್ತಿ ಮುಚ್ಚಿರೋದು ನೈಟಿ. ಸೊಂಟ ಕಾಣೋದು ಸೀರೇಲಿ. ಲಕ್ಷಣ ಯಾವುದು ನೀವೇ ಹೇಳಿ," ಎಂದಳು.

ಒಂದು ಬೆಳಿಗ್ಗೆ ಅವಳು ಬೀದಿ ತುದಿಯಲ್ಲಿ ಸೊಪ್ಪಿನವಳ ಜೊತೆ ಜಗಳಕ್ಕೆ ನಿಂತಿದ್ದಾಗ ಮಾಗಡಿ ಮಾವ ಆಟೋದಿಂದ ಇಳಿಯುವುದು ಕಂಡಿತಂತೆ. ಹಿತ್ತಲ ಬಾಗಿಲಿಂದ ಓಡಿಬಂದವಳೇ ಹಗ್ಗದ ಮೇಲಿದ್ದ ಸೀರೆ ಎಳೆದು ನೈಟಿಯ ಮೇಲೇ ಸುತ್ತಿಕೊಂಡಳು. ಮಾವ ನಡುಮನೆಗೆ ಬರುವ ಹೊತ್ತಿಗೆ ಸೆರಗು ಹೊದ್ದು, ಕಾಫಿ ಲೋಟ ಹಿಡಿದು ಸಾಕ್ಷಾತ್ ಗೃಹಲಕ್ಷ್ಮಿಯ ಹಾಗೆ ನಿಂತಿದ್ದಳು. ಸೀರೆಯ ಕೆಳಗೆ ಗೇಣುದ್ದ ಹಳದಿ ನೈಟಿಯ ಜಾಲರಿ ನೇತಾಡುತ್ತಿತ್ತು, ಸೆರಗಿನಂಚಲ್ಲಿ ಅದರ ತೋಳೂ ಇಣುಕುತ್ತಿತ್ತು. ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ಅವಳಿಗೆ ತಿಳಿಯಲಿಲ್ಲ.

ಮಾವ ಕಾಫಿ ಮುಗಿಸಿದರು. ಲೋಟ ಕೆಳಗಿಟ್ಟು, ನನ್ನ ಹೆಂಡತಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು.

"ಲಂಗ ಭಾಳ ಚೆನ್ನಾಗೈತೆ ಕಣವ್ವ. ನಮ್ ಕಾಲ್ದಲ್ಲಿ ಲಂಗಕ್ಕೆ ತೋಳಿರ್ತಿರ್ಲಿಲ್ಲ."

ಕರಡಿ ಪ್ಯಾಂಟು

ಹೆಂಡತಿಯನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ಪಟ್ಟೆಚಡ್ಡಿ ನೋಡಲಾರದೆ ಮಗಳು ನನಗೊಂದು ರಾತ್ರಿ ಪ್ಯಾಂಟು ತಂದುಕೊಟ್ಟಿದ್ದಳು. ತಿಳಿನೀಲಿ ಬಣ್ಣ, ಅದರ ತುಂಬ ನಗುವ ಕರಡಿಮರಿಗಳು. ಮೊದಲ ದಿನ ಬೈದೆ. ಎರಡನೆಯ ದಿನ ಹಾಕಿದೆ. ಆಮೇಲೆ ಬಿಚ್ಚಲು ಮನಸ್ಸು ಬರಲಿಲ್ಲ, ಅಷ್ಟು ಮೆತ್ತಗೆ.

ಅದರಲ್ಲೇ ಹಾಲಿಗೆ ಹೋಗಿದ್ದಾಗ ಕೋಡಿಹಳ್ಳಿ ಕಡೆಯ ರೈತರೊಬ್ಬರು ಬೈಕಿನಲ್ಲಿ ಬಂದು ಪಕ್ಕದಲ್ಲಿ ನಿಲ್ಲಿಸಿದರು. ಮುಖ ಸಪ್ಪಗಿತ್ತು. "ಸಾರ್, ನಿಮ್ಮನ್ನೇ ಹುಡ್ಕೊಂಡ್ ಬಂದೆ. ಹುಳ ಸೊಪ್ಪು ಮುಟ್ತಾ ಇಲ್ಲ. ಹತ್ತಿ ಸಾರ್!" ಪ್ಯಾಂಟು ಬದಲಿಸಿ ಬರುತ್ತೇನೆಂದರೆ ಕೇಳಲಿಲ್ಲ. "ಹುಳ ನಿಮ್ ಪ್ಯಾಂಟ್ ನೋಡ್ತವಾ?" ಎಂದು ಕೂರಿಸಿಕೊಂಡು ಹೊರಟೇಬಿಟ್ಟರು.

ಹುಳ ನೋಡಲಿಲ್ಲ, ಇಡೀ ಊರು ನೋಡಿತು. ಅರಳಿಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಬೀಡಿ ಕೆಳಗಿಟ್ಟು, "ಏನ್ಲಾ, ಹುಳದ ಡಾಕ್ಟ್ರಿಗೆ ಸರ್ಕಾರದೋರು ಹೊಸ ಡ್ರೆಸ್ ಕೊಟ್ಟವ್ರಾ?" ಎಂದು ಪಕ್ಕದವನನ್ನು ಕೇಳಿದರು. ನಾನು ತಲೆ ಎತ್ತದೆ ಒಳಗೆ ಹೋಗಿ, ಹುಳದ ಹಾಸಿಗೆ ಬದಲಿಸಿ, ಸುಣ್ಣ ಹಾಕಿಸಿ, ಗಾಳಿಗೆ ಕಿಟಕಿ ತೆಗೆಸಿ ಬಂದೆ. ರೈತನ ಮಗ ಫೋಟೋ ತೆಗೆದು ರೈತರ ವಾಟ್ಸಾಪ್ ಗುಂಪಿಗೆ ಹಾಕಿದ. ಆ ಗುಂಪಿನಲ್ಲಿ ಬಿಡದಿಯವರು ಯಾರಿದ್ದಾರೆಂದು ಆ ರಾತ್ರಿಯೆಲ್ಲ ಹೆಸರು ಹುಡುಕಿದೆ.

ಪುಣ್ಯಕ್ಕೆ ಹುಳ ಚೇತರಿಸಿಕೊಂಡು ಗೂಡು ಕಟ್ಟಿದವು. ಬೆಳೆ ಎಷ್ಟು ಚೆನ್ನಾಗಿ ಬಂತೆಂದರೆ, ನಾನೇ ಹಾಳಾದೆ. ಮುಂದಿನ ಬೆಳೆಗೆ ಅದೇ ರೈತರ ಫೋನು ಬಂತು.

"ಸಾರ್, ನಾಳೆ ಬಂದ್ಬುಡಿ. ಕರಡಿ ಪ್ಯಾಂಟಲ್ಲೇ ಬರ್ಬೇಕು, ಮನೆಯೋರು ಹೇಳವ್ರೆ. ಪಕ್ಕದ್ಮನೆಯೋರೂ ಕೇಳ್ತಾವ್ರೆ, ಅವ್ರ ಹುಳದ ಮನೇಗೂ ಒಂದ್ ಸುತ್ತು ಬಂದ್ಬುಡಿ."

ಈಗಲೂ ಆ ಕಡೆ ಹೋಗುವಾಗ ಪ್ಯಾಂಟು ಚೀಲದಲ್ಲಿರುತ್ತದೆ. ಹಿಪ್ಪುನೇರಳೆ ತೋಟದ ಮರೆಯಲ್ಲಿ ಬದಲಿಸಿಕೊಂಡು ಹೋಗುತ್ತೇನೆ.

ನಾವು ಈ ಊರಿನೋರಲ್ಲ

ಭಾನುವಾರ ಹೆಣ್ಣು ನೋಡಲು ಬರುತ್ತಾರೆಂದು ಗೊತ್ತಾಗಿತ್ತು. ಎರಡೂ ಕಡೆ ಫೋಟೋ ಹಂಚಿಕೊಂಡಿದ್ದೆವು. ಹುಡುಗನ ತಾಯಿ ದಪ್ಪ ಅಂಚಿನ ರೇಷ್ಮೆ ಸೀರೆಯಲ್ಲಿ, ತಂದೆ ಬಿಳಿ ಪಂಚೆಯಲ್ಲಿ. ನೋಡಿದರೇ ಎದ್ದು ನಿಲ್ಲಬೇಕು ಅನ್ನಿಸುವ ಹಾಗಿದ್ದರು.

ಆ ವಾರದ ನಡುವೆ ಒಂದು ಬೆಳಿಗ್ಗೆ ಮಗಳು ಫೋನು ಮರೆತು ಸ್ಟೇಷನ್ನಿಗೆ ಹೋದಳು. "ಸ್ಕೂಟರ್ ತೆಗೀರಿ, ಗೇಟಲ್ಲೇ ಕೊಟ್ಟು ಬಂದ್ಬುಡೋಣ," ಎಂದು ಹೆಂಡತಿ ಟವೆಲ್ ಹೆಗಲಿಗೇರಿಸಿದಳು. ನಾನು ಬನಿಯನ್ನು, ಪಟ್ಟೆಚಡ್ಡಿ, ಬರಿಗಾಲು. ಗೇಟಿನಲ್ಲಿ ಮಗಳಿರಲಿಲ್ಲ. ಪ್ಲಾಟ್‌ಫಾರ್ಮಿಗೆ ಹೋದೆವು. ಮಗಳು ಆಗಲೇ ರೈಲು ಹತ್ತಿದ್ದಳು. "ಒಂದ್ನಿಮಿಷ" ಎಂದು ಇವಳೂ ಹತ್ತಿದಳು. ರೈಲು ಅಲುಗಾಡಿತು. ಇವಳನ್ನು ಇಳಿಸಿಕೊಳ್ಳಲು ನಾನು ಹತ್ತಿದೆ. ರಾಮನಗರ ಹಿಂದಕ್ಕೆ ಸರಿಯಿತು.

ಬೋಗಿಯ ತುಂಬ ಆಫೀಸಿಗೆ ಹೊರಟವರು. ಸೆಂಟಿನ ವಾಸನೆ, ಗರಿಗರಿ ಬಟ್ಟೆ, ನಡುವೆ ನನ್ನ ಚಡ್ಡಿ. ಟಿಕೆಟ್ಟೂ ಇಲ್ಲ. ಮಗಳು ನಮ್ಮನ್ನು ಕಂಡವಳೇ ಬಿಳಿಚಿಕೊಂಡು ಪಿಸುಗುಟ್ಟಿದಳು. "ಅಪ್ಪಾ, ಬಿಡದೀಲಿ ಅವ್ರು ಇದೇ ಬೋಗಿ ಹತ್ತತಾರೆ! ಆ ಕಡೆ ಬಾಗ್ಲಲ್ಲಿ ಇಳ್ದೋಗಿ, ನಿಮ್ ದಮ್ಮಯ್ಯ." ಅವಳ ಕಣ್ಣಲ್ಲಿ ನೀರಿತ್ತು.

ಬಿಡದಿಯಲ್ಲಿ ಕೊನೆಯ ಬಾಗಿಲಿನಿಂದ ಇಳಿದು, ಜನ ಕರಗುವವರೆಗೆ ಕಂಬದ ಹಿಂದೆ ನಿಂತೆವು. ಹುಡುಗ ಹತ್ತಿದ, ರೈಲು ಹೋಯಿತು. ಇನ್ನು ಬಸ್ಸು ಹಿಡಿದರೆ ಗೆದ್ದೆವು ಅಂದುಕೊಂಡೆ. ಹೆಂಡತಿ ನೈಟಿಯ ಜೇಬು ತಡವಿದಳು. ಹಾಲಿನ ಚಿಲ್ಲರೆ ಇತ್ತು.

"ಬಿಡದಿಗೆ ಬಂದು ತಟ್ಟೆ ಇಡ್ಲಿ ತಿನ್ದೆ ಹೋಗೋದಾ?"

"ಇದು ಅವ್ರ ಊರು ಕಣೇ!"

"ಇಷ್ಟು ದೊಡ್ಡ ಊರಲ್ಲಿ ನಮಗೆ ಅವ್ರೇ ಸಿಕ್ಬೇಕಾ? ಬನ್ನಿ ಸುಮ್ನೆ."

ಹೋಟೆಲಿನಲ್ಲಿ ನಿಂತೇ ತಿನ್ನುತ್ತಿದ್ದೆವು. ಎರಡನೆಯ ತುತ್ತಿಗೆ ಹೆಂಡತಿ ಮೊಣಕೈಯಿಂದ ತಿವಿದಳು. "ರೀ, ಆ ಯಮ್ಮನ್ನ ಎಲ್ಲೋ ನೋಡಿವ್ನಿ."

ಪಾರ್ಸಲ್ ಕೊಡುವಲ್ಲಿ ಒಬ್ಬ ಹೆಂಗಸು. ಹೂವಿನ ನೈಟಿ, ಹೆಗಲ ಮೇಲೆ ಟವೆಲ್, ಕೈಯಲ್ಲಿ ಸ್ಟೀಲ್ ಕ್ಯಾರಿಯರ್. ಪಕ್ಕದಲ್ಲಿ ಗಂಡ. ಮಾಸಲು ಪೈಜಾಮ, ಮಂಡಿಯವರೆಗೆ ನೇತಾಡುವ ಲಾಡಿ, ಬರಿಗಾಲು. ಮನಸ್ಸಿನಲ್ಲೇ ಆಕೆಗೆ ದಪ್ಪ ಅಂಚಿನ ಸೀರೆ ಉಡಿಸಿ, ಆತನಿಗೆ ಬಿಳಿ ಪಂಚೆ ಸುತ್ತಿ ನೋಡಿದೆ. ಫೋಟೋದಲ್ಲಿದ್ದ ಬೀಗರೇ.

ಅದೇ ಹೊತ್ತಿಗೆ ಅವರೂ ನಮ್ಮನ್ನು ನೋಡಿದರು. ಆತನ ಕಣ್ಣು ನನ್ನ ಮುಖದಿಂದ ಚಡ್ಡಿಗೆ, ಚಡ್ಡಿಯಿಂದ ಪಾದಕ್ಕೆ ಇಳಿಯಿತು. ನನ್ನ ಕಣ್ಣು ಲಾಡಿಯ ಮೇಲಿತ್ತು. ಇಬ್ಬರು ಹೆಂಗಸರೂ ಒಟ್ಟಿಗೇ ಟವೆಲ್ ಸರಿಮಾಡಿಕೊಂಡರು. ಯಾರಾದರೂ ಏನಾದರೂ ಹೇಳಲೇಬೇಕಿತ್ತು. ನನ್ನ ಹಾಳು ಬಾಯಿ ತೆರೆಯಿತು.

"ನಾವು ಈ ಊರಿನೋರಲ್ಲ," ಎಂದೆ.

ಆತ ಗಂಭೀರವಾಗಿ ತಲೆಯಾಡಿಸಿದರು. "ನಾವೂ ಅಲ್ಲ."

ಒಳಗಿನಿಂದ ಹೋಟೆಲಿನವನು ಕೂಗಿದ. "ಅಕ್ಕೋ, ದಿನಾ ತಗೊಂಡೋಗೋವಷ್ಟೇನಾ, ಇಲ್ಲ ಮನೆಗೆ ನೆಂಟ್ರು ಬಂದವ್ರಾ?"

ಆಕೆ ಕ್ಯಾರಿಯರ್ ಕಸಿದುಕೊಂಡು ಒಂದು ದಿಕ್ಕಿಗೆ ನಡೆದರು, ಆತ ಗಾಬರಿಯಲ್ಲಿ ಇನ್ನೊಂದು ದಿಕ್ಕಿಗೆ ಹೋಗಿ ಮತ್ತೆ ತಿರುಗಿ ಬಂದರು. ನಾವು ತಟ್ಟೆ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆವು. ಸಂಜೆ ಮಗಳು ಬಂದು, "ಯಾರೂ ನೋಡ್ಲಿಲ್ಲ ಅಲ್ವಾ ಅಪ್ಪಾ?" ಎಂದು ಆಸೆಯಿಂದ ಕೇಳಿದಾಗ ಅವಳ ಮುಖ ನೋಡುವ ಮುಖ ನನಗಿರಲಿಲ್ಲ. ಒಂದು ಜೊತೆ ಚಪ್ಪಲಿ, ಒಂದು ಪ್ಯಾಂಟು ಹಾಕಿಕೊಳ್ಳುವ ಸೋಮಾರಿತನಕ್ಕೆ ಮಗಳ ಬಾಳನ್ನೇ ಹಾಳು ಮಾಡಿದೆನಲ್ಲ ಎಂದು ನಿಜಕ್ಕೂ ಅಳು ಬಂತು.

ಆಗ ಮಾಗಡಿ ಮಾವನ ಫೋನು ಬಂತು.

"ಅಳಿಯಂದ್ರೆ, ಬಿಡದಿಯೋರು ಫೋನ್ ಮಾಡಿದ್ರು."

"ಏನಂದ್ರು ಮಾವ?"

"ಪೂರ್ತಿ ಒಪ್ಪಿಗೆ ಅಂತೆ. ನೋಡೋದೆಲ್ಲ ನೋಡಾಯ್ತು, ಭಾನುವಾರ ತಾಂಬೂಲನೇ ಬದಲಾಯಿಸ್ಕೊಳ್ಳಾನಾ ಅಂದ್ರು. ಶಿಸ್ತು ಗಿಸ್ತು ಅಂತಿದ್ರಲ್ಲ, ಆ ಮಾತೂ ಬುಟ್ಬುಟ್ರು. ಬದ್ಲಿಗೆ ಹೊಸ್ದೊಂದು ಷರತ್ತು ಹಾಕವ್ರೆ. ನಂಗಂತೂ ತಲೆಬುಡ ತಿಳೀನಿಲ್ಲ."

"ಏನು ಷರತ್ತು?"

"ಬೀಗರು ಬಿಡದಿಗೆ ಯಾವಾಗ ಬೇಕಾದ್ರೂ ಬರ್ಲಿ, ಉಣ್ಲಿ, ನಾಕು ದಿನ ಇರ್ಲಿ ಅಂದ್ರು. ಬೆಳಗಿನ ತಿಂಡಿ ಮಾತ್ರ ರಾಮನಗರದಲ್ಲೇ ತಿಂದ್ಕೊಂಡ್ ಬರ್ಬೇಕಂತೆ."